ಮೈಸೂರು ಸೀಮೆಯ ಮಣ್ಣಿನಲ್ಲಿ ಚಿನ್ನದ ಲೋಹಶೋಧಕಗಳು

ಚಿನ್ನ ಹುಡುಕುವ ಲೋಹಶೋಧಕಗಳನ್ನು, ಅಂದರೆ ಮೆಟಲ್ ಡಿಟೆಕ್ಟರ್‌ಗಳನ್ನು, ಒಂದರೊಡನೊಂದು ಹೋಲಿಸುವ ಬರಹಗಳು ಸಾಮಾನ್ಯವಾಗಿ ಯಂತ್ರದಿಂದ ಆರಂಭವಾಗಿ ಯಂತ್ರದಲ್ಲೇ ಮುಗಿಯುತ್ತವೆ. ಯಾವುದು ಎಷ್ಟು ಆಳ ನೋಡುತ್ತದೆ, ಎಷ್ಟು ತೂಗುತ್ತದೆ, ಬೆಲೆ ಎಷ್ಟು ಎಂಬ ವಿವರಗಳು ಅಲ್ಲಿ ತುಂಬಿರುತ್ತವೆ. ಆ ಯಂತ್ರ ಯಾವ ಮಣ್ಣಿನ ಮೇಲೆ ಓಡಾಡಿತು ಎಂಬ ಮಾತಿಗೆ ಮಾತ್ರ ಜಾಗ ಸಿಗುವುದಿಲ್ಲ. ಹೆಸರಾದ ಯಂತ್ರಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯ ಮತ್ತು ಅಮೆರಿಕದಲ್ಲಿ, ಮೇಲ್ಮಣ್ಣಿನಲ್ಲೇ ಚಿನ್ನದ ಗಟ್ಟಿಗಳು ಸಿಗುವ ನೆಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಮೈಸೂರು ಸೀಮೆಯಲ್ಲಿ ಅವುಗಳ ಯೋಗ್ಯತೆಯನ್ನು ಅಳೆಯಬೇಕಾದರೆ ಇಲ್ಲಿಯ ಚಿನ್ನ ಯಾವ ರೂಪದಲ್ಲಿದೆ, ಅದನ್ನು ಹೊತ್ತ ಮಣ್ಣು ಎಂಥದ್ದು ಎಂಬ ಪ್ರಶ್ನೆಗಳನ್ನು ಮೊದಲು ಎತ್ತಬೇಕಾಗುತ್ತದೆ.

ಎಲ್ಲ ಲೋಹಶೋಧಕಗಳ ಮೂಲತತ್ತ್ವ ಒಂದೇ. ತಂತಿಯ ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ತು ಹರಿದಾಗ ಅದರ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರ ಮಣ್ಣಿನೊಳಗಿನ ಲೋಹದ ತುಂಡನ್ನು ಹಾದಾಗ ತುಂಡಿನೊಳಗೇ ಸುತ್ತುವ ಕಿರುವಿದ್ಯುತ್ತುಗಳು, ಅಂದರೆ ಸುಳಿಪ್ರವಾಹಗಳು, ಏಳುತ್ತವೆ. ಅವು ಹುಟ್ಟಿಸುವ ಮರುಕ್ಷೇತ್ರವನ್ನು ಗ್ರಹಿಸಿ ಯಂತ್ರ ಸದ್ದು ಮಾಡುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಉಳಿದಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂದ ಉಪಕರಣವೂ ಸುರುಳಿಗಳ ಇದೇ ಗುಣವನ್ನು ನೆಚ್ಚಿಕೊಂಡಿತ್ತು. ಗುಂಡು ಸಿಗಲಿಲ್ಲ, ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೇ ಅದನ್ನು ದಾರಿ ತಪ್ಪಿಸಿದವು ಎನ್ನಲಾಗುತ್ತದೆ. ಹುಡುಕುವ ವಸ್ತುವಿಗಿಂತ ಅದರ ಸುತ್ತಲಿನದೇ ಜೋರಾಗಿ ಕೂಗುವ ಈ ತೊಡಕು ಇಂದಿನ ಯಂತ್ರಗಳನ್ನೂ ಬಿಟ್ಟಿಲ್ಲ. ಅವುಗಳ ನಡುವಿನ ಪೈಪೋಟಿಯೆಲ್ಲ ಈ ತೊಡಕನ್ನು ಯಾರು ಹೇಗೆ ನಿಭಾಯಿಸುತ್ತಾರೆ ಎಂಬುದರ ಸುತ್ತಲೇ ನಡೆಯುತ್ತದೆ.

ಪೈಪೋಟಿಯ ಒಂದು ಬದಿಯಲ್ಲಿ ವಿಎಲ್‌ಎಫ್ ಎಂಬ ಬಗೆಯ ಯಂತ್ರಗಳಿವೆ. ಇವು ಕೆಲವು ಕಿಲೋಹರ್ಟ್ಜ್‌ನಿಂದ ಹಲವು ಹತ್ತು ಕಿಲೋಹರ್ಟ್ಜ್‌ವರೆಗಿನ ಆವೃತ್ತಿಯಲ್ಲಿ ಎಡೆಬಿಡದೆ ಅಲೆ ಕಳುಹಿಸುತ್ತ, ಮರಳಿ ಬರುವ ಅಲೆ ಎಷ್ಟು ಹಿಂದೆ ಬಿದ್ದಿದೆ ಎಂಬುದರಿಂದ ಕಬ್ಬಿಣ ಯಾವುದು, ಚಿನ್ನದಂಥ ಲೋಹ ಯಾವುದು ಎಂದು ಊಹಿಸುತ್ತವೆ. ಆವೃತ್ತಿ ಹೆಚ್ಚಾದಷ್ಟೂ ಸಣ್ಣ ಚೂರುಗಳು ಚೆನ್ನಾಗಿ ಕೇಳಿಸುತ್ತವೆ. ಅದಕ್ಕಾಗಿಯೇ ಫಿಶರ್ ಸಂಸ್ಥೆಯ ಗೋಲ್ಡ್ ಬಗ್ 2 ಯಂತ್ರ 71 ಕಿಲೋಹರ್ಟ್ಜ್‌ನಲ್ಲಿಯೂ, ಮೈನ್‌ಲ್ಯಾಬ್‌ನ ಗೋಲ್ಡ್ ಮಾನ್‌ಸ್ಟರ್ 1000 ಯಂತ್ರ 45 ಕಿಲೋಹರ್ಟ್ಜ್‌ನಲ್ಲಿಯೂ ಕೆಲಸ ಮಾಡುತ್ತವೆ. ಗ್ಯಾರೆಟ್‌ನ ಎಟಿ ಗೋಲ್ಡ್ 18 ಕಿಲೋಹರ್ಟ್ಜ್‌ನಲ್ಲಿ ನಿಂತು ಚಿನ್ನದ ಜೊತೆಗೆ ಬೇರೆ ಕೆಲಸಗಳಿಗೂ ಒದಗುತ್ತದೆ. ಇವುಗಳಲ್ಲಿ ಗೋಲ್ಡ್ ಬಗ್ 2 ಹಳೆಯದಾದರೂ ಮೆಚ್ಚುಗೆಗೆ ಅರ್ಹವಾದುದು. ನೆಲದಿಂದಲೇ ಬರುವ ಸಂಕೇತವನ್ನು ಕಳೆದುಹಾಕುವ ಕ್ರಿಯೆಗೆ ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಈ ಯಂತ್ರದಲ್ಲಿ ಬಳಸುವವನೇ ಗುಂಡಿ ತಿರುಗಿಸಿ ಅದನ್ನು ಹೊಂದಿಸಬೇಕು. ಹೆಜ್ಜೆಗೊಮ್ಮೆ ಹೊಂದಿಸಬೇಕಾಗುವ ಈ ಕಿರಿಕಿರಿಯಿಂದಾಗಿಯೇ ಕಾಲಡಿಯ ಮಣ್ಣು ಎಲ್ಲಿ ಬದಲಾಯಿತು ಎಂಬುದು ಅವನಿಗೆ ಗೊತ್ತಾಗುತ್ತದೆ. ಗೋಲ್ಡ್ ಮಾನ್‌ಸ್ಟರ್ ಆ ಕೆಲಸವನ್ನೆಲ್ಲ ತಾನೇ ಮಾಡಿಕೊಂಡು ಚಿನ್ನವಿರುವ ಸಾಧ್ಯತೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಹೊಸಬರಿಗೆ ಇದು ಅನುಕೂಲವೇ ಸರಿ, ಆದರೆ ನೆಲದ ಬಗ್ಗೆ ಅದು ಏನನ್ನೂ ಕಲಿಸುವುದಿಲ್ಲ.

ಇನ್ನೊಂದು ಬದಿಯಲ್ಲಿ ಪಲ್ಸ್ ಇಂಡಕ್ಷನ್ ಯಂತ್ರಗಳಿವೆ. ಇವು ಅಲೆಯ ಬದಲು ಮಿಡಿತಗಳನ್ನು ಕಳುಹಿಸಿ, ಒಂದೊಂದು ಮಿಡಿತ ನಿಂತ ಮೇಲೆ ಮೈಕ್ರೋಸೆಕೆಂಡುಗಳ ಅಂತರದಲ್ಲಿ ಸುಳಿಪ್ರವಾಹ ಹೇಗೆ ಕುಂದುತ್ತದೆ ಎಂಬುದನ್ನು ಅಳೆಯುತ್ತವೆ. ಮಿಡಿತ ನಿಂತೊಡನೆ ಮ್ಯಾಗ್ನಟೈಟ್‌ನಂಥ ಕಾಂತೀಯ ಖನಿಜದ ಪ್ರತಿಕ್ರಿಯೆಯ ಬಹುಪಾಲು ನಿಂತುಹೋಗುವುದರಿಂದ ಕಬ್ಬಿಣಾಂಶ ಹೆಚ್ಚಿರುವ ಮಣ್ಣಿನಲ್ಲೂ ಇವು ದೃಢವಾಗಿ ನಡೆಯುತ್ತವೆ. ಮೈನ್‌ಲ್ಯಾಬ್ 1995ರಲ್ಲಿ ತಂದ ಎಸ್‌ಡಿ 2000 ಈ ದಾರಿಯನ್ನು ತೆರೆಯಿತು. ಅದೇ ಸಂಸ್ಥೆಯ 2021ರ ಜಿಪಿಎಕ್ಸ್ 6000 ಮತ್ತು ಗ್ಯಾರೆಟ್ 2022ರಲ್ಲಿ ತಂದ ಆಕ್ಸಿಯಂ ಇಂದು ಅದೇ ದಾರಿಯಲ್ಲಿ ಎದುರುಬದುರಾಗಿವೆ. ಜಿಪಿಎಕ್ಸ್ 6000 ಸುಮಾರು ಎರಡು ಕಿಲೋ ತೂಕದ ಹಗುರ ಯಂತ್ರ. ಮಣ್ಣಿನ ಬದಲಾವಣೆಯನ್ನು ತಾನೇ ಅರಿತು ಹೊಂದಿಕೊಳ್ಳುತ್ತದೆ, ಹಿಂದಿನ ಪಲ್ಸ್ ಯಂತ್ರಗಳು ತಪ್ಪಿಸಿಕೊಳ್ಳುತ್ತಿದ್ದ ಸಣ್ಣ ಚೂರುಗಳನ್ನೂ ಹಿಡಿಯುತ್ತದೆ, ಆದರೆ ಸುತ್ತಲಿನ ವಿದ್ಯುತ್ ಗದ್ದಲಕ್ಕೆ ಬೇಗ ಕೆರಳುತ್ತದೆ. ಆಕ್ಸಿಯಂ ಮಿಡಿತದ ಕಾಲವನ್ನು ಆರಿಸುವ ಹಕ್ಕನ್ನು ಬಳಸುವವನ ಕೈಗೆ ಕೊಟ್ಟಿದೆ: ಸಣ್ಣ ಚೂರಿಗೆ ಒಂದು ಹೊಂದಿಕೆ, ದೊಡ್ಡ ಗಟ್ಟಿಗೆ ಇನ್ನೊಂದು, ಉಪ್ಪು ನೆಲಕ್ಕೆ ಮತ್ತೊಂದು. ಎರಡೂ ಕಬ್ಬಿಣವನ್ನು ಚಿನ್ನದಿಂದ ನಂಬುವಂತೆ ಬೇರ್ಪಡಿಸಲಾರವು. ಪಲ್ಸ್ ವಿಧಾನದ ದೊಡ್ಡ ಕೊರತೆ ಇದೇ.

ಯಂತ್ರಗಳ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಆಳ. ಭೌತಶಾಸ್ತ್ರ ಇಲ್ಲಿ ಬಹಳ ನಿಷ್ಠುರವಾಗಿದೆ. ಸುರುಳಿಯಿಂದ ಹೊರಟ ಕ್ಷೇತ್ರ ದೂರದ ಮೂರನೆಯ ಘಾತದಂತೆ ಕುಗ್ಗುತ್ತದೆ, ಚೂರಿನಿಂದ ಮರಳುವ ಕ್ಷೇತ್ರವೂ ಹಾಗೆಯೇ ಕುಗ್ಗುತ್ತದೆ. ಹೀಗಾಗಿ ಸುರುಳಿಯ ಅಗಲವನ್ನು ಮೀರಿದ ಆಳದಲ್ಲಿರುವ ಸಣ್ಣ ವಸ್ತುವಿನ ಸಂಕೇತ ದೂರದ ಆರನೆಯ ಘಾತದಂತೆ ಬೀಳುತ್ತದೆ; ಆಳ ಇಮ್ಮಡಿಯಾದರೆ ಸಂಕೇತ 64ರಲ್ಲಿ ಒಂದು ಪಾಲಾಗುತ್ತದೆ. ಇದನ್ನೇ ತಿರುಗಿಸಿ ಹೇಳುವುದಾದರೆ, ಯಂತ್ರದ ಸಂವೇದನೆಯನ್ನು ಇಮ್ಮಡಿ ಮಾಡಿದ ತಯಾರಕನಿಗೆ ಸಿಗುವ ಹೆಚ್ಚುವರಿ ಆಳ ಶೇ. 12ರಷ್ಟು ಮಾತ್ರ. ಒಂದು ಗ್ರಾಂ ಚಿನ್ನವೆಂದರೆ ಪ್ರತಿ ಬದಿಯೂ ಸುಮಾರು 3.7 ಮಿಲಿಮೀಟರ್ ಇರುವ ಘನ, ಹೆಚ್ಚುಕಡಿಮೆ ಒಂದು ಹೆಸರುಕಾಳಿನಷ್ಟು. ಅಷ್ಟು ಸಣ್ಣ ವಸ್ತುವನ್ನು ಮೀಟರುಗಟ್ಟಲೆ ಆಳದಲ್ಲಿ ಹಿಡಿಯುತ್ತೇವೆಂಬ ಮಾತನ್ನು ಯಾವ ಕಂಪನಿ ಹೇಳಿದರೂ ತಳ್ಳಿಹಾಕಬಹುದು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಕಿಂಗೋವರ್‌ನಲ್ಲಿ 1980ರಲ್ಲಿ ಗ್ಯಾರೆಟ್ ಯಂತ್ರಕ್ಕೆ ಸಿಕ್ಕ ಹ್ಯಾಂಡ್ ಆಫ್ ಫೇತ್ ಎಂಬ ಗಟ್ಟಿ 27 ಕಿಲೋಗೂ ಮೀರಿ ತೂಗುತ್ತಿತ್ತು, ಆದರೂ ಅದು ನೆಲದಿಂದ ಬಹಳ ಕೆಳಗೇನೂ ಇರಲಿಲ್ಲ.

ಅಂಥ ಗಟ್ಟಿಗಳು ಈ ಸೀಮೆಯ ಚಿನ್ನದ ಚರಿತ್ರೆಯಲ್ಲಿ ಮುಖ್ಯ ಪಾತ್ರ ವಹಿಸಿಲ್ಲ. ಕೋಲಾರದಲ್ಲಿ ಚಿನ್ನ ಬೆಣಚುಕಲ್ಲಿನ ಸಿರೆಗಳಲ್ಲಿ ಕಣಕಣವಾಗಿ ಹರಡಿಕೊಂಡಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಟನ್ನುಗಟ್ಟಲೆ ಅದಿರನ್ನು ಅರೆದೇ ಕೆಲವು ಗ್ರಾಂಗಳನ್ನು ಪಡೆಯಲಾಗುತ್ತದೆ. ಒಂದು ಟನ್ ಅದಿರಿನಲ್ಲಿ ಐದು ಗ್ರಾಂ ಚಿನ್ನವಿದೆಯೆಂದು ಭಾವಿಸಿದರೂ ಅದರ ಒಟ್ಟು ಗಾತ್ರ ಕಾಲು ಘನ ಸೆಂಟಿಮೀಟರಿನ ಸುತ್ತಮುತ್ತ. ಅದೂ ಒಂದೆಡೆ ಕೂಡಿರದೆ ಕಣ್ಣಿಗೆ ಕಾಣದ ಸಾವಿರಾರು ಕಣಗಳಾಗಿ ಚದುರಿರುತ್ತದೆ. ಸುಳಿಪ್ರವಾಹ ಸುತ್ತಲು ಒಂದೇ ತುಂಡಿನಲ್ಲಿ ಸಾಕಷ್ಟು ಜಾಗ ಬೇಕು. ಬೇರ್ಪಟ್ಟ ಕಣಗಳ ಸಂಕೇತಗಳು ಒಟ್ಟಾಗಿ ಒಂದು ಗಟ್ಟಿಯ ಸಂಕೇತಕ್ಕೆ ಎಂದೂ ಸಮನಾಗುವುದಿಲ್ಲ.

ಇದಕ್ಕೆ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದು, ಕಡೆಗೆ ಭಾರತ್ ಗೋಲ್ಡ್ ಮೈನ್ಸ್ ಕೈಯಲ್ಲಿದ್ದಾಗ 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಗಳು ಅರೆದು, ಚಿನ್ನ ತೆಗೆದು, ಹೊರಗೆ ಸುರಿದ ನುಣುಪಾದ ಪುಡಿ ಅಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚಾಗಿ ಬಿದ್ದಿದೆ. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಹಲವು ಟನ್ ಆಗುತ್ತದೆ. ಲಕ್ಷಗಟ್ಟಲೆ ಬೆಲೆಯ ಜಿಪಿಎಕ್ಸ್ ಆಗಲಿ, ಮೈನ್‌ಲ್ಯಾಬ್‌ನದೇ ಆದ, ಅದಕ್ಕಿಂತ ದುಬಾರಿಯಾದ ಜಿಪಿಝಡ್ 7000 ಆಗಲಿ ಆ ದಿಬ್ಬದ ಚಿನ್ನಕ್ಕೆ ಸದ್ದು ಮಾಡುವುದಿಲ್ಲ. ಮಾಡಿದರೆ ಅದು ಹೂತುಹೋದ ಮೊಳೆಗೋ ಪೈಪಿನ ತುಂಡಿಗೋ ಆಗಿರುತ್ತದೆ. ಚಿನ್ನದ ಯಂತ್ರವೆಂಬ ಹೆಸರು ಈ ಸೀಮೆಯಲ್ಲಿ ಎಷ್ಟು ಸೀಮಿತವಾದುದು ಎಂಬುದನ್ನು ಯಾವ ಹೋಲಿಕೆಯ ಬರಹವೂ ಇಷ್ಟು ನೇರವಾಗಿ ಹೇಳಲಾರದು.

ಇಲ್ಲಿಯ ನೆಲಕ್ಕೆ ಒಗ್ಗಿದ ವಿಧಾನ ಯಂತ್ರಗಳಿಗಿಂತ ಬಹಳ ಹಳೆಯದು. 1802ರಲ್ಲಿ ಮೈಸೂರು ಸಂಸ್ಥಾನದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಚಿನ್ನ ತೋರಿಸಿದವರಿಗೆ ಬಹುಮಾನ ಸಾರಿದಾಗ, ಕೋಲಾರದ ಗಣಿ ಪ್ರದೇಶದ ಊರಿಗಂ ಸುತ್ತಲಿನ ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು ಅವನ ಎದುರಿನಲ್ಲೇ ತೊಳೆದು ಚಿನ್ನದ ಪುಡಿಯನ್ನು ತೋರಿಸಿದರು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್, ಅಂದರೆ 65 ಮಿಲಿಗ್ರಾಂ ಚಿನ್ನವೆಂಬುದು ಅವನ ಅಂದಾಜಾಗಿತ್ತು. ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಜಲಗಾರರು ಮಳೆಗಾಲದ ನಂತರ ಮಾಡುತ್ತಿದ್ದುದೂ ಇದನ್ನೇ: ಹಳ್ಳದ ತಿರುವಿನಲ್ಲಿ ನಿಂತ ಮಣ್ಣನ್ನು ಮರಿಗೆಗೆ ತುಂಬಿ, ನೀರಿನಲ್ಲಿ ಕುಲುಕಿ, ಹಗುರವಾದುದನ್ನು ಹರಿಯಬಿಟ್ಟು, ತಳದಲ್ಲಿ ಉಳಿದ ಕಪ್ಪು ಮರಳಿನ ಅಂಚಿನಲ್ಲಿ ಹಳದಿ ಗೆರೆಯನ್ನು ನೋಡುವುದು. ಆ ಕಪ್ಪು ಮರಳು ಬಹುಮಟ್ಟಿಗೆ ಮ್ಯಾಗ್ನಟೈಟ್. ಲೋಹಶೋಧಕವನ್ನು ಕಂಗೆಡಿಸುವ ಖನಿಜವೇ ಜಲಗಾರನಿಗೆ ದಾರಿ ತೋರಿಸುತ್ತಿತ್ತು, ಏಕೆಂದರೆ ನೀರು ಹರಿಯುವಲ್ಲಿ ಭಾರವಾದುವೆಲ್ಲ ಒಂದೆಡೆಯೇ ನಿಲ್ಲುತ್ತವೆ. ಧೂಳಿನಂಥ ಚಿನ್ನವನ್ನು ಗುರುತಿಸುವ ಮಟ್ಟಿಗೆ ಮರದ ಮರಿಗೆ ಇಂದಿನ ಎಲ್ಲ ಯಂತ್ರಗಳನ್ನೂ ಹಿಂದಿಕ್ಕುತ್ತದೆ. ಈ ಮಾತನ್ನು ಹಳೆಯದರ ಮೇಲಿನ ಮೋಹವೆಂದು ಬಗೆಯಬೇಕಿಲ್ಲ. ಮರಿಗೆ ಬಳಸಿಕೊಳ್ಳುವುದು ಚಿನ್ನದ ತೂಕವನ್ನು, ಯಂತ್ರ ಬಳಸಿಕೊಳ್ಳುವುದು ಅದರ ಗಾತ್ರವನ್ನು.

ನಗರದಲ್ಲಿ ಮಾಡುವ ಪರೀಕ್ಷೆಗಳ ಬಗ್ಗೆಯೂ ಒಂದು ಮಾತು ಅಗತ್ಯ. ಮೈಸೂರಿನ ರಾಮಕೃಷ್ಣನಗರದಂಥ ಬಡಾವಣೆಯ ಉದ್ಯಾನದಲ್ಲಿ ಉಂಗುರವೊಂದನ್ನು ಹೂತು ಎರಡು ಯಂತ್ರಗಳನ್ನು ಆಡಿಸಿ ನೋಡಿದರೆ ಬರುವ ತೀರ್ಪು ಬಹುತೇಕ ತಪ್ಪಾಗಿರುತ್ತದೆ. ಅಲ್ಲಿಯ ಮೂಲ ನೆಲ ನೈಸ್ ಶಿಲೆ ಸವೆದು ಆದ ಕೆಂಪು ಮಣ್ಣು, ಕಾಂತೀಯವಾಗಿ ಸಾಕಷ್ಟು ಸಾಧು; ಅದರ ಮೇಲೆ ಮನೆ ಕಟ್ಟುವಾಗ ಸುರಿದ ಮಣ್ಣು, ಮೊಳೆ, ಕಂಬಿಯ ತುಂಡು, ಬಾಟಲಿಯ ಮುಚ್ಚಳಗಳು ಸೇರಿಕೊಂಡಿರುತ್ತವೆ; ಸುತ್ತಲೂ 50 ಹರ್ಟ್ಜ್ ವಿದ್ಯುತ್ ತಂತಿಗಳು ಮತ್ತು ಮನೆಮನೆಯ ಉಪಕರಣಗಳ ಗದ್ದಲವಿರುತ್ತದೆ. ಇಂಥಲ್ಲಿ ಕಬ್ಬಿಣವನ್ನು ಬೇರ್ಪಡಿಸಬಲ್ಲ ವಿಎಲ್‌ಎಫ್ ಯಂತ್ರ ಜಾಣನಂತೆಯೂ ಜಿಪಿಎಕ್ಸ್ 6000 ಹುಚ್ಚು ಹಿಡಿದಂತೆಯೂ ತೋರುತ್ತದೆ. ಅದೇ ಎರಡು ಯಂತ್ರಗಳನ್ನು ನಗರದ ದಕ್ಷಿಣಕ್ಕೆ, ಒಂದು ಕಾಲಕ್ಕೆ ಕ್ರೋಮೈಟ್ ತೆಗೆಯುತ್ತಿದ್ದ ಸಿಂಧುವಳ್ಳಿಯ ಕಡೆಗೋ, ಮ್ಯಾಗ್ನಟೈಟ್ ಪಟ್ಟೆಗಳುಳ್ಳ ಕಲ್ಲುಗಳಿರುವ ಎಚ್.ಡಿ. ಕೋಟೆ ಮತ್ತು ಸರಗೂರಿನ ಕಡೆಗೋ ಒಯ್ದರೆ ತೀರ್ಪು ತಲೆಕೆಳಗಾಗುವುದು ಖಂಡಿತ. ಅಲ್ಲಿ ವಿಎಲ್‌ಎಫ್ ಯಂತ್ರ ಕಲ್ಲುಕಲ್ಲಿಗೂ ಕೂಗುತ್ತದೆ, ಪಲ್ಸ್ ಯಂತ್ರ ಸಮಾಧಾನದಿಂದ ನಡೆಯುತ್ತದೆ.

ಈ ನಿಜವಾದ ಯಂತ್ರಗಳ ಪಕ್ಕದಲ್ಲಿ, ಚಿನ್ನ ಇರುವ ದಿಕ್ಕನ್ನು ದೂರದಿಂದಲೇ ತೋರಿಸುತ್ತವೆಂದು ಮಾರುವ ಆಂಟೆನಾ ಕೋಲುಗಳನ್ನು ಇಡುವುದೇ ತಪ್ಪು. ಇರಾಕಿಗೆ ಬಾಂಬ್ ಶೋಧಕವೆಂದು ಮಾರಲಾದ ಎಡಿಇ 651 ಎಂಬ ಇಂಥದೇ ಕೋಲಿನಲ್ಲಿ ಏನೂ ಕೆಲಸ ಮಾಡುತ್ತಿರಲಿಲ್ಲವೆಂದು ಸಾಬೀತಾಗಿ, 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ ಅದನ್ನು ಮಾರಿದವನಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಕರ್ನಾಟಕದಲ್ಲಿ ಇಂಥ ಕೋಲುಗಳೂ ಅಸಲಿ ಲೋಹಶೋಧಕಗಳೂ ನಿಧಿಗಳ್ಳರ ಕೈಗೆ ಬಿದ್ದಾಗ ಆಗುವ ನಷ್ಟ ಹಣದ್ದಷ್ಟೇ ಆಗಿರುವುದಿಲ್ಲ. ಪಾಳು ಗುಡಿಯ ಗರ್ಭಗೃಹ ಅಗೆದುಹೋಗುತ್ತದೆ, ಬಸವನ ವಿಗ್ರಹ ಒಡೆಯುತ್ತದೆ, ವೀರಗಲ್ಲು ಉರುಳುತ್ತದೆ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಮೊದಲು ಕಂಡವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಆ ಬಂಡೆಯ ಮುಂದೆ ಯಾವ ಯಂತ್ರವೂ ಸದ್ದು ಮಾಡುತ್ತಿರಲಿಲ್ಲ, ಆದರೆ ಹಟ್ಟಿ-ಮಸ್ಕಿ ಪ್ರದೇಶದಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಸಿಕ್ಕಿಲ್ಲ. ಕಾನೂನೂ ಇಲ್ಲಿ ಸ್ಪಷ್ಟವಾಗಿದೆ: ಖನಿಜವನ್ನು ಹುಡುಕುವುದಕ್ಕೂ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅನುಮತಿ ಬೇಕು, ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಹೀಗಿರುವಾಗ ಹವ್ಯಾಸಕ್ಕಾಗಿ ಯಂತ್ರ ಕೊಂಡವನಿಗೆ ಈ ರಾಜ್ಯದಲ್ಲಿ ಚಿನ್ನದ ಬೇಟೆಯ ಅವಕಾಶವೇ ಇಲ್ಲವೆನ್ನಬೇಕು.

ಹಾಗಾದರೆ ಪೈಪೋಟಿಯಲ್ಲಿ ಗೆಲ್ಲುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ನೆಲದೊಂದಿಗೆ ಬದಲಾಗುತ್ತದೆ. ಕಬ್ಬಿಣಾಂಶ ತುಂಬಿದ ಶಿಲಾಪಟ್ಟಿಗಳ ಮೇಲೆ ಆಕ್ಸಿಯಂ ಮುಂದೆ ನಿಲ್ಲುತ್ತದೆ. ಜಿಪಿಎಕ್ಸ್ 6000 ಸಣ್ಣ ಚೂರಿಗೆ ಹೆಚ್ಚು ಚುರುಕಾಗಿದ್ದರೂ ತಾನು ಮಾಡುತ್ತಿರುವುದನ್ನು ಬಳಸುವವನಿಂದ ಮರೆಮಾಡುತ್ತದೆ, ಕಲಿಯುವವನಿಗೆ ಅದು ದೊಡ್ಡ ನಷ್ಟ. ಸಾಧು ನೆಲದಲ್ಲಿ ಬೆಲೆಗೂ ಕಲಿಕೆಗೂ ಗೋಲ್ಡ್ ಬಗ್ 2 ಇಂದಿಗೂ ಸಾಕು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದುವ ವಿದ್ಯಾರ್ಥಿಗಳ ಕೈಗೆ ಆಕ್ಸಿಯಂ ಮತ್ತು ಗೋಲ್ಡ್ ಬಗ್ 2 ಎರಡನ್ನೂ ಕೊಟ್ಟು, ಚಿನ್ನದ ಬದಲಿಗೆ ತೂಕ ಗೊತ್ತಿರುವ ಸೀಸದ ಚೂರುಗಳನ್ನು ಅಳತೆಯ ಆಳದಲ್ಲಿಟ್ಟು, ನಗರದ ಕೆಂಪು ಮಣ್ಣು, ಸಿಂಧುವಳ್ಳಿಯ ಮಣ್ಣು, ಕರಾವಳಿಯ ಜಂಬಿಟ್ಟಿಗೆ ಎಂಬ ಮೂರು ನೆಲಗಳಲ್ಲಿ ಪರೀಕ್ಷಿಸಿ, ಕೇಳಿಸಿದ್ದನ್ನೂ ಕೇಳಿಸದೆ ಹೋದುದನ್ನೂ ದಾಖಲಿಸಿದರೆ ಕನ್ನಡ ನಾಡಿನ ನೆಲಕ್ಕೆ ಅನ್ವಯಿಸುವ ಹೋಲಿಕೆಯೊಂದು ದೊರೆಯುತ್ತದೆ. ಆ ಕೋಷ್ಟಕದಲ್ಲಿ ಯಂತ್ರದ ಹೆಸರಿಗಿಂತ ಮೊದಲು ಮಣ್ಣಿನ ಹೆಸರು ಬರಬೇಕು, ಅದರ ಪಕ್ಕದಲ್ಲಿ ಅದೇ ಮಣ್ಣನ್ನು ಮರಿಗೆಯಲ್ಲಿ ತೊಳೆದಾಗ ಉಳಿದ ಕಪ್ಪು ಮರಳಿನ ತೂಕವೂ ಇರಬೇಕು.