ಫೇರೋನ ಪುಸ್ತಕ, ಬ್ಯಾಡಗಿಯ ಕವಡಿ

ಈ ವಾರ ಆರಿಸಿಕೊಂಡ ಆಟ ‘ಬುಕ್ ಆಫ್ ಡೆಡ್’. ಸ್ವೀಡನ್ನಿನ ಪ್ಲೇ ಎನ್ ಗೋ ಕಂಪನಿ 2016ರಲ್ಲಿ ಹೊರತಂದ ಆನ್‌ಲೈನ್ ಕ್ಯಾಸಿನೊ ಸ್ಲಾಟ್ ಇದು. ಇದರ ಹಿರಿಯಣ್ಣ ಆಸ್ಟ್ರಿಯಾದ ನೊವೊಮ್ಯಾಟಿಕ್ ಕಂಪನಿಯ ‘ಬುಕ್ ಆಫ್ ರಾ’, 2005ರದ್ದು. ಆಮೇಲೆ ಬಂದ ನೂರಾರು ಈಜಿಪ್ಟ್ ಸ್ಲಾಟ್‌ಗಳು ಇವೆರಡರ ಅಚ್ಚಿನಲ್ಲೇ ಎರಕಗೊಂಡವು. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹುಡುಗನ ಮೊಬೈಲಿಗೂ ಅದೇ ಪಿರಮಿಡ್ಡು, ಅದೇ ಚಿನ್ನದ ಮುಖವಾಡ ಜಾಹೀರಾತಾಗಿ ಬಂದು ಕೂತಿರುತ್ತದೆ. ನಾನು ಆಡಿದ್ದು ದುಡ್ಡು ಕಟ್ಟುವ ಹಂಗಿಲ್ಲದ ಡೆಮೊ. ಆಟದ ಗುಣ ಅಳೆಯಲು ಅಷ್ಟು ಸಾಕು.

ತೆರೆಯ ಮೇಲೆ ಐದು ರೀಲು, ಒಂದೊಂದರಲ್ಲಿ ಮೂರು ಮನೆ, ಗೆಲುವಿನ ಸಾಲು ಹತ್ತು. ಚಿತ್ರಗಳಲ್ಲಿ ನರಿಮುಖದ ಅನೂಬಿಸ್, ಗಿಡುಗನ ರೂಪದ ಹೋರಸ್, ಫೇರೋನ ಮುಖವಾಡ, ಎಲ್ಲಕ್ಕಿಂತ ಹೆಚ್ಚು ಬೆಲೆಯ ರಿಚ್ ವೈಲ್ಡ್ ಎಂಬ ಟೋಪಿಯ ಸಾಹಸಿ. ಉಳಿದ ಮನೆಗಳಲ್ಲಿ ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಮೂರು ಪುಸ್ತಕ ಬಿದ್ದರೆ ಹತ್ತು ಸುತ್ತು ಪುಕ್ಕಟೆ. ಅದು ಶುರುವಾಗುವ ಮುಂಚೆ ದೊಡ್ಡದೊಂದು ಪುಸ್ತಕ ತೆರೆದು, ಹಾಳೆಗಳು ಪಟಪಟ ಮಗುಚಿ, ಒಂದು ಚಿತ್ರದ ಮೇಲೆ ನಿಲ್ಲುತ್ತವೆ. ಮುಂದಿನ ಹತ್ತು ಸುತ್ತಿನಲ್ಲಿ ಆ ಚಿತ್ರ ಬೇಕಾದಷ್ಟು ರೀಲುಗಳಲ್ಲಿ ಬಿದ್ದರೆ ಮೇಲಿಂದ ಕೆಳಗೆ ಇಡೀ ರೀಲು ತುಂಬಿಕೊಳ್ಳುತ್ತದೆ. ಸಾಹಸಿಯೇ ಆಯ್ಕೆಯಾಗಿ ಐದೂ ರೀಲು ತುಂಬಿದರೆ ಕಟ್ಟಿದ ಹಣದ ಐದು ಸಾವಿರ ಪಟ್ಟು. ಹಾಳೆ ಮಗುಚುವ ಆ ಕ್ಷಣಗಳನ್ನು ಕಟ್ಟಿದವರು ಕೈಪಳಗಿದ ಕುಶಲರು. ಎದೆ ಬಡಿತ ಎಲ್ಲಿ ಏರಬೇಕು, ಎಷ್ಟು ಹೊತ್ತು ಏರಿರಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಆಡುವವನಿಗೆ ಇದರಲ್ಲಿ ಏನು ಕೆಲಸ? ಗುಂಡಿ ಒತ್ತುವುದು. ಒತ್ತಿದ ಕ್ಷಣವೇ ಸರ್ವರಿನಲ್ಲಿ ಒಂದು ಸಂಖ್ಯೆ ಹುಟ್ಟಿ ಫಲ ತೀರ್ಮಾನವಾಗಿರುತ್ತದೆ. ರೀಲು ತಿರುಗುವುದು, ಎರಡು ಪುಸ್ತಕ ಬಿದ್ದ ಕೂಡಲೇ ಉಳಿದ ರೀಲು ನಿಧಾನವಾಗುವುದು, ಸದ್ದು ಮೇಲೇರುವುದು, ಇವೆಲ್ಲ ತೀರ್ಮಾನವಾದದ್ದನ್ನು ತಡವಾಗಿ ತೋರಿಸುವ ಬಗೆ. ಬೆರಳಿಟ್ಟು ರೀಲನ್ನು ಬೇಗ ನಿಲ್ಲಿಸಿದರೂ ಬೀಳುವುದು ಅದೇ. 19ನೇ ಶತಮಾನದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಕಟ್ಟಿದ ಮೂರು ರೀಲಿನ ಯಂತ್ರದಲ್ಲಿ ಕಬ್ಬಿಣದ ಚಕ್ರಗಳು ನಿಜಕ್ಕೂ ತಿರುಗುತ್ತಿದ್ದವು. ಚಕ್ರದ ಮೇಲಿನ ಚಿತ್ರ ಎಣಿಸಿದರೆ ನಿಮ್ಮ ಸಂಭವ ನೀವೇ ಲೆಕ್ಕ ಹಾಕಬಹುದಿತ್ತು. 1984ರಲ್ಲಿ ಇಂಗೆ ಟೆಲ್ನೇಸ್ ಎಂಬ ಎಂಜಿನಿಯರ್ ಅಮೆರಿಕದಲ್ಲಿ ಪಡೆದ ಪೇಟೆಂಟ್ ಆ ನಂಟನ್ನು ಕಡಿದುಹಾಕಿತು. ಫಲವನ್ನು ಸಂಖ್ಯೆ ಆರಿಸುತ್ತದೆ, ಚಕ್ರ ಅದಕ್ಕೆ ಹೊಂದಿ ನಿಲ್ಲುತ್ತದೆ. ಯಾವ ಚಿತ್ರಕ್ಕೆ ಎಷ್ಟು ಸಂಖ್ಯೆ ಎಂಬುದು ಕಟ್ಟಿದವನ ಕೈಯಲ್ಲಿ. ಅಂದಿನಿಂದ ಕಣ್ಣಿಗೆ ಕಾಣುವುದಕ್ಕೂ ಬೀಳುವುದಕ್ಕೂ ಸಂಬಂಧವೇ ಬೇಕಿಲ್ಲ.

ಸಾಹಸ ಅನ್ನುವ ಮಾತಿಗೆ ಹಾವೇರಿ ಸೀಮೆಯವರ ಮುಂದೆ ವಿವರಣೆ ಬೇಕಾಗಿಲ್ಲ. ದೀಪಾವಳಿ ಆದಮೇಲೆ ಊರೂರಲ್ಲಿ ಹೋರಿ ಹಬ್ಬ. ಕೊರಳ ತುಂಬ ಕೊಬ್ಬರಿ ಹಾರ ಕಟ್ಟಿಕೊಂಡು ನುಗ್ಗಿಬರುವ ಹೋರಿಯ ಮುಂದೆ ನಿಂತ ಹುಡುಗ ಹೆಜ್ಜೆ ಎಡಕ್ಕೋ ಬಲಕ್ಕೋ ಎಂದು ತಾನೇ ತೀರ್ಮಾನಿಸಬೇಕು, ಅದರ ಫಲ ತಾನೇ ಉಣ್ಣಬೇಕು. ಅದರಲ್ಲಿ ಪ್ರಾಣಾಪಾಯ ಇದೆ. ಅದನ್ನು ನಾನು ಯಾರಿಗೂ ಶಿಫಾರಸು ಮಾಡುತ್ತಿಲ್ಲ. ಪಂಚಮಿಗೆ ನಮ್ಮ ಕಡೆ ಕಟ್ಟುವ ನಿಂಬೆಹಣ್ಣಿನ ಪಂತವನ್ನೇ ನೋಡಿ. ಇಲ್ಲಿಂದ ಇಂಥ ಗುಡಿಯವರೆಗಿನ ದಾರಿಯನ್ನು ಇಷ್ಟೇ ಎಸೆತದಲ್ಲಿ ಮುಟ್ಟಿಸುತ್ತೇನೆ ಎಂದು ಹೇಳಿದವನ ತೋಳಲ್ಲಿ ಕಸುವಿರಬೇಕು, ದಾರಿಯ ಏರುತಗ್ಗಿನ ಅಂದಾಜಿರಬೇಕು. ರಿಚ್ ವೈಲ್ಡ್‌ನ ಗೋರಿಯೊಳಗೆ ತೋಳಿಗೂ ತಲೆಗೂ ಕೆಲಸವಿಲ್ಲ. ಸಾಹಸದ ಆಟ ಎಂಬ ಹಣೆಪಟ್ಟಿಯನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಲೆಕ್ಕ. ಈ ಸ್ಲಾಟ್ ಕಟ್ಟಿದ ಹಣದಲ್ಲಿ ಶೇಕಡಾ 96.21ರಷ್ಟನ್ನು ದೀರ್ಘಾವಧಿಯಲ್ಲಿ ಆಟಗಾರರಿಗೆ ಹಿಂದಿರುಗಿಸುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಇದಕ್ಕಿಂತ ಕಡಿಮೆ ಕೊಡುವ ಆವೃತ್ತಿಗಳೂ ಇವೆ, ಯಾವುದನ್ನು ಇಡಬೇಕೆಂಬುದು ಕ್ಯಾಸಿನೊದವರ ಆಯ್ಕೆ. ನೂರಕ್ಕೆ ನಾಲ್ಕೂ ಹೋಗುವುದಿಲ್ಲವಲ್ಲ ಎಂದು ಸಮಾಧಾನಪಡುವವರು ನಮ್ಮೂರ ಓಸಿಯ ಜೊತೆ ಇದನ್ನು ಇಟ್ಟು ನೋಡಬೇಕು. ಓಸಿ ಅಂದರೆ ಓಪನ್-ಕ್ಲೋಸ್. ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭ ಮತ್ತು ಮುಕ್ತಾಯದ ದರ ಮುಂಬೈಗೆ ಬರುತ್ತಿದ್ದ ಕಾಲದಲ್ಲಿ ಆ ಅಂಕಿಗಳ ಮೇಲೆ ಜೂಜು ಹುಟ್ಟಿತು. 1960ರ ದಶಕದಲ್ಲಿ ಹತ್ತಿಯ ದರ ಬಿಟ್ಟುಹೋಗಿ ಮಡಕೆಯಿಂದ ಚೀಟಿ ಎತ್ತುವ ಮಟ್ಕಾ ಆಯಿತು. ಹತ್ತಿ ಬೆಳೆದ ನಮ್ಮ ಎರೆಭೂಮಿಗೂ ಆ ಅಂಕಿಗಳು ಬಂದು ಬೇರುಬಿಟ್ಟವು. ಜೋಡಿ ಅಂಕಿ ಹೊಡೆದರೆ ಒಂದಕ್ಕೆ ಎಂಬತ್ತೋ ತೊಂಬತ್ತೋ ಕೊಡುತ್ತಾರೆ, ಸಾಧ್ಯತೆಗಳು ಮಾತ್ರ ನೂರು. ಎಂಬತ್ತರ ಲೆಕ್ಕದಲ್ಲಿ ದಿನಕ್ಕೆ ನೂರು ರೂಪಾಯಿ ಕಟ್ಟುವವನಿಂದ ಸರಾಸರಿ 20 ರೂಪಾಯಿ ಹೋಗುತ್ತದೆ. ಸ್ಲಾಟ್‌ನಲ್ಲಿ ಸುತ್ತಿಗೆ ಹತ್ತೇ ರೂಪಾಯಿ ಇಡಿ, ನಿಮಿಷಕ್ಕೆ ಹತ್ತು ಸುತ್ತು ಹಾಕಿ. ಗಂಟೆಗೆ 600 ಸುತ್ತು, 6,000 ರೂಪಾಯಿ ಕೈ ದಾಟಿರುತ್ತದೆ, ಸರಾಸರಿ 227 ರೂಪಾಯಿ ಹೋಗಿರುತ್ತದೆ. ಶೇಕಡಾವಾರು ನೋಡಿದರೆ ಸ್ಲಾಟ್ ಉದಾರಿ. ಗಡಿಯಾರ ನೋಡಿದರೆ ಓಸಿಯೇ ನಿಧಾನಿ.

ಈ ವೇಗವನ್ನು ಮರೆಮಾಡುವುದು ಸದ್ದು. ಹತ್ತು ರೂಪಾಯಿ ಇಟ್ಟು ನಾಲ್ಕು ವಾಪಸು ಬಂದಾಗಲೂ ಗಂಟೆ ಬಾರಿಸಿ ಬೆಳಕು ಚೆಲ್ಲುವ ಸ್ಲಾಟ್‌ಗಳಿವೆ. ಆರು ರೂಪಾಯಿ ಕಳೆದುಕೊಂಡವನಿಗೆ ಗೆದ್ದ ಹುರುಪು. ಬ್ರಿಟನ್ನಿನ ಜೂಜು ಆಯೋಗ 2021ರ ಅಕ್ಟೋಬರ್ 31ರಿಂದ ಅಂಥ ಸಂಭ್ರಮವನ್ನೂ ತನ್ನಷ್ಟಕ್ಕೆ ಸುತ್ತುವ ಆಟೊಪ್ಲೇಯನ್ನೂ ಆನ್‌ಲೈನ್ ಸ್ಲಾಟ್‌ಗಳಲ್ಲಿ ನಿಷೇಧಿಸಿತು, ಎರಡು ಸುತ್ತುಗಳ ನಡುವೆ ಕನಿಷ್ಠ ಎರಡೂವರೆ ಸೆಕೆಂಡು ಇರಲೇಬೇಕೆಂದಿತು. ನಮ್ಮಲ್ಲಿ ಆನ್‌ಲೈನ್ ಜೂಜನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಅಲ್ಲಿ ಮುಖ್ಯ ತಕರಾರಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟವನ್ನೂ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಕಾನೂನಿನ ಮಾತು ಇಷ್ಟಕ್ಕೆ ಸಾಕು. ನನಗೆ ಹೇಳಬೇಕಿರುವುದು ಆಟದ ಬಗ್ಗೆ.

ಈ ಸ್ಲಾಟ್ ಹೆಸರು ಕದ್ದದ್ದು ಎಲ್ಲಿಂದ ಎಂಬುದನ್ನು ನೋಡಿ. ಸತ್ತವರ ಪುಸ್ತಕ ಎಂದು ನಾವು ಕರೆಯುವುದು ಪ್ರಾಚೀನ ಈಜಿಪ್ಟಿನಲ್ಲಿ ಹೆಣದ ಜೊತೆ ಇಡುತ್ತಿದ್ದ ಪಪೈರಸ್ ಸುರುಳಿಗಳನ್ನು. ಪರಲೋಕದ ದಾರಿಯಲ್ಲಿ ಹೇಳಬೇಕಾದ ಮಂತ್ರಗಳ ಸಂಗ್ರಹ ಅದು. ಅದರ 17ನೇ ಮಂತ್ರದಲ್ಲಿ ಸತ್ತವನು ಒಂದು ಆಟ ಆಡುತ್ತಾನೆ. ಆಟದ ಹೆಸರು ಸೆನೆಟ್. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಆನಿಯ ಪಪೈರಸ್ ಸುಮಾರು ಕ್ರಿ.ಪೂ. 1250ರದ್ದು. ಅದರಲ್ಲಿ ಆನಿ ಎಂಬ ಲಿಪಿಕಾರ ಹೆಂಡತಿ ತುತುವನ್ನು ಹಿಂದೆ ಕೂಡಿಸಿಕೊಂಡು ಮಂಡಪದೊಳಗೆ ಸೆನೆಟ್ ಮಣೆಯ ಮುಂದೆ ಕೂತಿದ್ದಾನೆ, ಎದುರಾಳಿ ಕಾಣುವುದಿಲ್ಲ. ರಾಣಿ ನೆಫರ್ತಾರಿಯ ಗೋರಿಯ ಗೋಡೆಯಲ್ಲಿ ಅವಳೂ ಹಾಗೇ ಒಬ್ಬಳೇ ಆಡುತ್ತಾಳೆ. 1922ರಲ್ಲಿ ಹೋವರ್ಡ್ ಕಾರ್ಟರ್ ಬಾಗಿಲು ತೆರೆದ ಟೂಟಾಂಖಾಮನ್ ಗೋರಿಯಲ್ಲಿ ಒಂದಲ್ಲ, ಹಲವು ಮಣೆಗಳು ಸಿಕ್ಕವು. ಅವುಗಳಲ್ಲಿ ಕರಿಮರ ಮತ್ತು ದಂತದ್ದೊಂದಕ್ಕೆ ಕಾಯಿ ಇಡುವ ಖಾನೆಯೂ ಇದೆ. ಈಜಿಪ್ಟಿನವರು ಸುಮಾರು ಮೂರು ಸಾವಿರ ವರ್ಷ ಕಾಲ ಆಡಿದ ಆಟವನ್ನು ಬಿಟ್ಟು, ಅವರ ದೇವರ ಮುಖಗಳನ್ನಷ್ಟೇ ಕಿತ್ತು ರೀಲಿಗೆ ಅಂಟಿಸಿದ್ದು ನನಗೆ ನಿಜವಾಗಿ ನೋವು ಕೊಡುತ್ತದೆ.

ಆ ಸೆನೆಟ್‌ಗೆ ಅವರು ಬಳಸಿದ್ದು ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡಗಿನ ನಾಲ್ಕು ಕಡ್ಡಿ. ನಮ್ಮಲ್ಲಿ ನಾಲ್ಕು ಕವಡಿ. ಕವಡಿ ಇಲ್ಲದಿದ್ದರೆ ಒಂದು ಮೈ ತೇಯ್ದು ಬೆಳ್ಳಗೆ ಮಾಡಿದ ಹುಣಸಿಬೀಜ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರು ಸೋಮವಾರ, ಗುರುವಾರ. ಉಳಿದ ದಿನದ ಮಧ್ಯಾಹ್ನ ಯಾವುದೋ ಓಣಿಯ ಕಟ್ಟೆಯ ಮೇಲೆ ಸುಣ್ಣದ ಗೆರೆ ಎಳೆದು ಚೌಕಾಬಾರಾ ಆಡುವವರ ಹತ್ತಿರ ಸುಮ್ಮನೆ ನಿಂತು ನೋಡಿ. ಐದೈದು ಮನೆಯ ಚೌಕ, ಒಟ್ಟು 25. ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಟ್ಟನಡುವೆ ಒಂದು. ಗೀಟು ಹಾಕಿದ ಕಟ್ಟೆಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಮುಟ್ಟಿದ ಕಾಯಿ ಹಣ್ಣು.

ಇಲ್ಲೂ ಅದೃಷ್ಟ ಇದೆ, ಆದರೆ ಅದು ಕಣ್ಣಿಗೆ ಕಾಣುವ ಅದೃಷ್ಟ. ನಾಲ್ಕು ಬೀಜ ಬೀಳುವ ಬಗೆ ಹದಿನಾರು. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ನಾಲ್ಕು ಬಗೆಯಲ್ಲಿ, ಮೂರು ನಾಲ್ಕು ಬಗೆಯಲ್ಲಿ. ಚೌಕ ಅಂದರೆ ನಾಲ್ಕಕ್ಕೆ ಒಂದೇ ಬಗೆ, ಬಾರಾ ಅಂದರೆ ಎಂಟಕ್ಕೂ ಒಂದೇ ಬಗೆ. ಕವಡಿಯ ಬೆನ್ನು ಉಬ್ಬಿರುವುದರಿಂದ ಲೆಕ್ಕ ತುಸು ಆಚೀಚೆ ಆಗುತ್ತದೆ. ಹಳಬರು ಅದಕ್ಕೇ ತಮ್ಮ ಮನೆಯ ಕವಡಿಯನ್ನೇ ತರುತ್ತಾರೆ. ಈ ಹದಿನಾರರ ಲೆಕ್ಕ ಬರೆದು ಕಲಿಯದಿದ್ದರೂ ಒಳ್ಳೆಯ ಆಟಗಾರ್ತಿಯ ಬೆರಳಿಗೆ ಅದು ಗೊತ್ತು. ಕಟ್ಟೆ ಬಿಟ್ಟು ಹೊರಗೆ ನಿಲ್ಲಬೇಕಾಗಿ ಬಂದಾಗ ಆಕೆ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದೇ ಇಲ್ಲ. ಅಲ್ಲಿ ನಿಂತ ಕಾಯಿ ಮುಂದಿನ ಎಸೆತಕ್ಕೆ ಹದಿನಾರರಲ್ಲಿ ಆರು ಸಲ ಸಾಯುತ್ತದೆ. ನಾಲ್ಕು ಮನೆ ಮುಂದಿದ್ದರೆ ಸಾಯುವುದು ಹದಿನಾರಕ್ಕೆ ಒಂದು ಸಲ. ಐದು ಮನೆ ಮುಂದಿದ್ದರೆ, ಮೊದಲು ಚೌಕ ಬಿದ್ದು ಅದರಿಂದ ಸಿಕ್ಕ ಮರು ಎಸೆತಕ್ಕೆ ಒಂದೇ ಬೀಳಬೇಕು: ಅರವತ್ನಾಲ್ಕಕ್ಕೆ ಒಂದು. ಮೊಮ್ಮಗಳು ಕಾಯಿಯನ್ನು ಎರಡರ ದೂರದಲ್ಲಿ ಇಡಹೋದಾಗ ಅಜ್ಜಿ “ಅಲ್ಲಿ ಬ್ಯಾಡ ಮಗಳ, ಇನ್ನೊಂದು ಕಾಯಿ ನಡಸ” ಅನ್ನುವಳಲ್ಲ, ಆ ಒಂದು ಮಾತಿನಲ್ಲಿ ಈ ಲೆಕ್ಕವೆಲ್ಲ ಇದೆ. “ಎರಡು ಬೀಳಲಿಕ್ಕಿಲ್ಲ ಬಿಡಬೇ” ಎಂದು ಮೊಮ್ಮಗಳು ಹಟ ಹಿಡಿದರೆ ಅದೂ ಆಟವೇ. ಸೋತರೆ ಯಾಕೆ ಸೋತೆ ಎಂಬುದು ಅವಳಿಗೆ ಕಾಣುತ್ತದೆ.

ನಮ್ಮ ನಾಡಿನಲ್ಲಿ ಇಂಥ ಆಟಗಳನ್ನು ಅರಸರೂ ಗಂಭೀರವಾಗಿ ತೆಗೆದುಕೊಂಡಿದ್ದರು. ಹಾವೇರಿ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದ ಒಂದು ಭಾಗವೇ ಕ್ರೀಡೆಗಳಿಗೆ ಮೀಸಲು. ಏಳು ಶತಮಾನದ ನಂತರ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಮಣೆಯಾಟ, ಎಲೆಯಾಟಗಳನ್ನು ಚಿತ್ರಸಮೇತ ದಾಖಲಿಸಿದರು.

ಇನ್ನು ಈಜಿಪ್ಟಿನ ಆ ಸೆನೆಟ್ ಆಡಲೂ ದುಬಾರಿ ಮಣೆ ಬೇಕಿಲ್ಲ. ಅದರ ಮೂಲ ನಿಯಮಪುಸ್ತಕ ಎಲ್ಲೂ ಸಿಕ್ಕಿಲ್ಲ. ಮಣೆಯ ಗುರುತು ಮತ್ತು ಪಪೈರಸ್‌ಗಳ ಆಧಾರದ ಮೇಲೆ ತಿಮೊತಿ ಕೆಂಡಾಲ್‌ರಂಥ ವಿದ್ವಾಂಸರು ಕಟ್ಟಿಕೊಟ್ಟ ಕ್ರಮ ನನಗೆ ಇಷ್ಟ. ಕಟ್ಟೆಯ ಮೇಲೆ ಹತ್ತು ಮನೆಯ ಮೂರು ಸಾಲು ಎಳೆಯಿರಿ. ಮೊದಲ ಸಾಲು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ, ಮೂರನೆಯದು ಮತ್ತೆ ಎಡದಿಂದ ಬಲಕ್ಕೆ. ಎತ್ತು ಹೊಲ ಊಳುವ ಹಾದಿ. ಇಬ್ಬರಿಗೂ ಐದೈದು ಕಾಯಿ, ಮೊದಲ ಹತ್ತು ಮನೆಯಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿಸಿ. ತೇಯ್ದ ನಾಲ್ಕು ಹುಣಸಿಬೀಜ ಎಸೆಯಿರಿ: ಎಷ್ಟು ಬಿಳಿಯೋ ಅಷ್ಟು ಮನೆ, ಒಂದೂ ಬಿಳಿ ಇಲ್ಲದಿದ್ದರೆ ಐದು. ಎದುರಾಳಿಯ ಒಂಟಿ ಕಾಯಿಯ ಮೇಲೆ ಬಿದ್ದರೆ ಅದನ್ನು ಕಡಿಯಬೇಡಿ, ನೀವು ಬಿಟ್ಟುಬಂದ ಮನೆಗೆ ಕಳಿಸಿ. ಜೋಡಿಯಾಗಿ ಕೂತ ಕಾಯಿಯನ್ನು ಕದಲಿಸುವಂತಿಲ್ಲ, ಮೂರು ಸಾಲಾಗಿ ಕೂತರೆ ದಾಟುವಂತೆಯೂ ಇಲ್ಲ. 26ನೇ ಮನೆಯಲ್ಲಿ ಪ್ರತಿ ಕಾಯಿಯೂ ಸರಿಯಾಗಿ ನಿಂತು ಮುಂದೆ ಹೋಗಬೇಕು. 27 ನೀರು, ಬಿದ್ದ ಕಾಯಿ 15ಕ್ಕೆ ವಾಪಸು. 28ರಿಂದ ಹೊರಬೀಳಲು ಮೂರೇ ಬೀಳಬೇಕು, 29ರಿಂದ ಎರಡೇ. ಚೌಕಾಬಾರಾ ಬಲ್ಲವರು ಒಂದೇ ಕೂಡಿಕೆಯಲ್ಲಿ ಇದನ್ನು ಕಲಿಯುತ್ತಾರೆ. 26ರಲ್ಲಿ ನಿಂತವರಿಗೆ ಒಂದು ಬಿದ್ದರೆ ನೀರು, ಎರಡು ಬಿದ್ದರೆ 28ನೇ ಮನೆ. ಆಗ ಇನ್ನೊಂದು ಕಾಯಿ ನಡೆಸಲು ಜಾಗ ಉಳಿಸಿಕೊಂಡಿದ್ದೀರಾ ಎಂಬುದು ಎರಡನೇ ಸಾಲಿನಲ್ಲಿರುವಾಗಲೇ ನೋಡಿಕೊಳ್ಳಬೇಕಾದ ಸಂಗತಿ.