ಆ್ಯಪ್ ಟ್ಯಾಕ್ಸಿ: ಅಗ್ಗದ ಸವಾರಿಯ ಲೆಕ್ಕ

2019ರ ಸೆಪ್ಟೆಂಬರ್‌ನಲ್ಲಿ ಕಾರುಗಳ ಮಾರಾಟ ಕುಸಿದಿತ್ತು. ಹೊಸ ತಲೆಮಾರಿನವರು ಕಂತು ಕಟ್ಟಿ ಕಾರು ಕೊಳ್ಳುವ ಬದಲು ಓಲಾ, ಉಬರ್, ಮೆಟ್ರೊಗಳನ್ನು ಬಯಸುತ್ತಿರುವುದೂ ಅದಕ್ಕೊಂದು ಕಾರಣ ಎಂದರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಆದರೆ ಓಲಾದಲ್ಲಿ ಓಡುವುದೂ ಕಾರೇ. ಅದರ ಕಂತನ್ನೂ ಒಬ್ಬರು ಕಟ್ಟುತ್ತಿರುತ್ತಾರೆ; ಬಹುಪಾಲು ಅದು ಚಾಲಕನೇ. ಈ ವ್ಯವಸ್ಥೆಯನ್ನು ತೂಗುವಾಗ ಮೊದಲು ನೋಡಬೇಕಾದದ್ದು ಆ ಕಂತನ್ನು.

ಆ್ಯಪ್ ಟ್ಯಾಕ್ಸಿಯ ಪ್ರಯೋಗ ದೊಡ್ಡದಾಗಿ ನಡೆದ ಊರು ಬೆಂಗಳೂರು. ಟ್ಯಾಕ್ಸಿ ಫಾರ್ ಶ್ಯೂರ್ ಕಂಪನಿ 2011ರಲ್ಲಿ ಅಲ್ಲಿ ಹುಟ್ಟಿತು. ಉಬರ್ 2013ರಲ್ಲಿ ಭಾರತದಲ್ಲಿ ಮೊದಲು ಶುರುವಾದದ್ದೂ ಅಲ್ಲೇ. 2014ರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಓಲಾಕ್ಕೆ 21 ಕೋಟಿ ಡಾಲರ್ ಹಾಕಿತು. ಮರುವರ್ಷ ಓಲಾ 20 ಕೋಟಿ ಡಾಲರ್ ಕೊಟ್ಟು ಟ್ಯಾಕ್ಸಿ ಫಾರ್ ಶ್ಯೂರ್ ಅನ್ನೇ ಕೊಂಡಿತು. 2018ರ ಹೊತ್ತಿಗೆ ಸಾಫ್ಟ್‌ಬ್ಯಾಂಕ್ ಉಬರ್‌ನಲ್ಲೂ ದೊಡ್ಡ ಪಾಲುದಾರ. ಚಾಲಕರು ಎರಡು ಕಂಪನಿಗಳ ನಡುವೆ ಆರಿಸಿಕೊಳ್ಳುತ್ತಿದ್ದರೂ ಎರಡರ ಹಿಂದೆಯೂ ಒಬ್ಬನೇ ಹೂಡಿಕೆದಾರನಿದ್ದ.

ಆ ಹಣ ಪ್ರಯಾಣಿಕರಿಗೆ ರಿಯಾಯಿತಿಯಾಗಿ, ಚಾಲಕರಿಗೆ ಇನ್ಸೆಂಟಿವ್ ಆಗಿ ಹರಿಯಿತು. ಇನ್ಸೆಂಟಿವ್ ನಂಬಿ ಎಷ್ಟೋ ಯುವಕರು ಸಾಲ ಮಾಡಿ ಡಿಸೈರ್, ಇಟಿಯಾಸ್ ಕೊಂಡರು, ಹಳದಿ ಬೋರ್ಡ್ ಹಾಕಿಸಿ ಕಂಪನಿಗೆ ಅಟ್ಯಾಚ್ ಮಾಡಿದರು. ಸ್ವಂತ ಬಳಕೆಯ ಬಿಳಿ ಬೋರ್ಡ್ ಕಾರುಗಳ ಬೇಡಿಕೆಯ ಒಂದು ಪಾಲು ಹೀಗೆ ಹಳದಿ ಬೋರ್ಡಿಗೆ ಸರಿಯಿತು. ಮುಂದೆ ಇನ್ಸೆಂಟಿವ್ ಇಳಿಯಿತು, ಕಂತು ಇಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರ ಹೂಡಿದ್ದು ಈ ಸಂಕಟದಿಂದ. ಕಂಪನಿಯ ಬಳಿ ಆ್ಯಪ್ ಉಳಿಯಿತು. ಸಾಲ, ಡೀಸೆಲ್, ಟೈರು, ವಿಮೆಯ ಖರ್ಚೆಲ್ಲ ಚಾಲಕನ ಪಾಲಾಯಿತು.

ಈ ವ್ಯವಸ್ಥೆಯಿಂದ ಒಳಿತೂ ಆಗಿದೆ. ಚೌಕಾಸಿಯಿಲ್ಲದೆ ಬಾಡಿಗೆ ಮೊದಲೇ ತಿಳಿಯುತ್ತದೆ. ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದವರಿಗೆ ಗಾಡಿ ಸಿಗುತ್ತದೆ, ಹೋದ ದಾರಿ ದಾಖಲಾಗುತ್ತದೆ. ಆದರೆ ರಸ್ತೆಯ ದಟ್ಟಣೆ ಇದರಿಂದ ಕಡಿಮೆಯಾಗುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಅಮೆರಿಕದ ಸಾರಿಗೆ ತಜ್ಞ ಬ್ರೂಸ್ ಶಾಲರ್ 2018ರ ವರದಿಯಲ್ಲಿ, ಅಲ್ಲಿನ ದೊಡ್ಡ ನಗರಗಳಲ್ಲಿ ಇಂಥ ಸವಾರಿಗಳು ಹೆಚ್ಚಾಗಿ ಬಸ್ಸು, ರೈಲು, ನಡಿಗೆಯಿಂದಲೇ ಜನರನ್ನು ಸೆಳೆದಿವೆ ಎಂದು ತೋರಿಸಿದರು. ಸವಾರಿ ಕಾಯುತ್ತ ಖಾಲಿ ಸುತ್ತುವ ಕಾರು ಕೂಡ ರಸ್ತೆಯ ಜಾಗ ತಿನ್ನುತ್ತದೆ.

ಬೀದರ್ ಜಿಲ್ಲೆಯ ಭಾಲ್ಕಿ, ಔರಾದ ಕಡೆಯಿಂದ ನೋಡಿದರೆ ಇನ್ನೊಂದು ಕೊರತೆ ಕಾಣುತ್ತದೆ. ಇಷ್ಟೆಲ್ಲ ಬಂಡವಾಳ ಹುಡುಕಿಕೊಂಡು ಹೋದದ್ದು ಜನ ಒತ್ತೊತ್ತಾಗಿರುವ ನಗರವನ್ನು. ಭಾಲ್ಕಿಗೆ ರೈಲಾದರೂ ಉಂಟು, ಔರಾದ ಪಟ್ಟಣಕ್ಕೆ ಅದೂ ಇಲ್ಲ. ಬೀದರ್‌ಗೆ ಹೊರಟವರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ದಿಕ್ಕು; ಅದು ತಪ್ಪಿದರೆ ಸೀಟು ತುಂಬುವವರೆಗೆ ಕಾಯುವ ಟಂಟಂ, ಕ್ರೂಸರ್. 2023ರ ಜೂನ್ 11ರಂದು ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ಬಸ್ಸು ಇನ್ನಷ್ಟು ಹತ್ತಿರವಾಗಿದೆ. ಊರೂರಿಗೆ ಕೆಂಪು ಬಸ್ಸು ಮಾಡುವ ಕೆಲಸವನ್ನು ಯಾವ ಆ್ಯಪೂ ಮಾಡಿಲ್ಲ.

ಹಾಗೆಂದು ವಿದೇಶಿ ಹಣವನ್ನೆಲ್ಲ ದೂರಬೇಕಾಗಿಲ್ಲ. ಬೆಂಗಳೂರಿನ ಆಟೊ ಚಾಲಕರ ಸಂಘದ ಜೊತೆಗೂಡಿ 2022ರಲ್ಲಿ ಶುರುವಾದ ‘ನಮ್ಮ ಯಾತ್ರಿ’ ಆ್ಯಪ್ ಕಮಿಷನ್ ಬಿಟ್ಟು ದಿನಕ್ಕೆ 25 ರೂಪಾಯಿಯಂಥ ಶುಲ್ಕಕ್ಕೆ ಬಂತು. 2024ರಲ್ಲಿ ಗೂಗಲ್ ಅದರಲ್ಲೂ ಹಣ ಹೂಡಿತು. ಹಣ ಯಾವ ದೇಶದ್ದು ಎಂಬುದಕ್ಕಿಂತ ಯಾವ ಕರಾರಿನ ಮೇಲೆ ಬಂತು ಎಂಬುದು ಮುಖ್ಯ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ, ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿದೆ. ಇದು ಸರಿಯಾದ ಹೆಜ್ಜೆ, ಆದರೆ ಸಾಲದು. ಚಾಲಕನ ಸಾಲ ತೀರುವವರೆಗಾದರೂ ಕನಿಷ್ಠ ಆದಾಯದ ಖಾತರಿ ಇರಬೇಕು. ಬೀದರ್ ಜಿಲ್ಲೆಯಂಥ ಕಡೆ ಸರ್ಕಾರ ಮೊದಲು ಬಸ್ಸುಗಳನ್ನು ಹೆಚ್ಚಿಸಬೇಕು. ಕಂತಿನ ಮೇಲೆ ಕಾರು ತೆಗೆದುಕೊಂಡು ಆ್ಯಪಿಗೆ ಅಟ್ಯಾಚ್ ಮಾಡಲು ಹೊರಟ ನಮ್ಮ ಹುಡುಗರು ಇನ್ಸೆಂಟಿವ್ ಬಿಟ್ಟು ಲೆಕ್ಕ ಹಾಕಲಿ. ಬರೀ ಬಾಡಿಗೆಯಲ್ಲಿ ಕಂತು ತೀರುವಂತಿದ್ದರೆ ಮಾತ್ರ ಸಹಿ ಮಾಡಲಿ.