ಹೊಳೆಯುವ ಮುಂಗಟ್ಟಿನ ಒಳಗೇನಿದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಈ ಊರುಗಳ ಬಜಾರದಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿಗಳ ಮುಂಭಾಗವನ್ನು ನುಣುಪಾದ ಬಣ್ಣದ ಹಾಳೆಗಳು ಮುಚ್ಚಿರುವುದು ಕಾಣುತ್ತದೆ. ಜನರ ಬಾಯಲ್ಲಿ ಇದು 'ಎಸಿಪಿ ಶೀಟ್'; ಪೂರ್ಣ ಹೆಸರು ಅಲ್ಯೂಮಿನಿಯಮ್ ಕಾಂಪೊಸಿಟ್ ಪ್ಯಾನೆಲ್. ಹೆಸರು ಕೇಳಿದವರು ಇದನ್ನು ಲೋಹವೆಂದೇ ತಿಳಿಯುತ್ತಾರೆ. ಅದು ಅರ್ಧ ಸತ್ಯವೂ ಅಲ್ಲ. 3 ಮಿ.ಮೀ. ದಪ್ಪದ ಅಗ್ಗದ ಹಾಳೆಯಲ್ಲಿ ಎರಡೂ ಬದಿಗೆ ಇರುವುದು ತಲಾ 0.25 ಮಿ.ಮೀ. ಅಲ್ಯೂಮಿನಿಯಮ್. ಉಳಿದ 2.5 ಮಿ.ಮೀ. ಸಾಮಾನ್ಯವಾಗಿ ಪಾಲಿಎಥಿಲೀನ್, ಅಂದರೆ ಕೈಚೀಲದ ಪ್ಲಾಸ್ಟಿಕ್ಕಿನ ಜಾತಿಯದೇ.

ಈ ಹಾಳೆ ಜನಪ್ರಿಯವಾದದ್ದು ಸುಮ್ಮನೆ ಅಲ್ಲ. ಚದರ ಮೀಟರಿಗೆ ನಾಲ್ಕು ಕಿ.ಗ್ರಾಂ.ಗಿಂತ ಕಡಿಮೆ ತೂಕ, 20 ಮಿ.ಮೀ. ಗ್ರಾನೈಟ್ ಆದರೆ 50 ಕಿ.ಗ್ರಾಂ. ದಾಟುತ್ತದೆ. ಹಿಂಬದಿಯಲ್ಲಿ 'ವಿ' ಆಕಾರದ ಗಾಡಿ ತೆಗೆದು, ಮುಂದಿನ ಲೋಹದ ಪದರ ಮತ್ತು ಅದಕ್ಕಂಟಿದ ತೆಳು ಪ್ಲಾಸ್ಟಿಕ್ ಉಳಿಸಿದರೆ ಸಾಕು, ಕೈಯಿಂದಲೇ ಚೂಪಾದ ಮೂಲೆ ಮಡಚಬಹುದು. ತೆಳುವಾದ ಎರಡು ಪದರಗಳನ್ನು ದೂರವಿಟ್ಟು ಬಂಧಿಸಿದರೆ ಬಾಗದ ಹಲಗೆಯಾಗುತ್ತದೆ ಎಂಬ ತತ್ತ್ವ ಇಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ನನ್ನ ತಕರಾರು ವಸ್ತುವಿನ ಮೇಲಲ್ಲ, ಅದನ್ನು ಬಳಸುವ ರೀತಿಯ ಮೇಲೆ.

ಮೊದಲು ಬಿಸಿಲನ್ನು ನೋಡೋಣ. ಬೇಸಿಗೆಯಲ್ಲಿ ಇಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ಸೆ. ದಾಟುತ್ತದೆ, ಕಡು ಬಣ್ಣದ ಹಾಳೆ 70 ಡಿಗ್ರಿ ಮುಟ್ಟಬಲ್ಲದು. ಅಲ್ಯೂಮಿನಿಯಮ್ಮಿನ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ದಶಲಕ್ಷಕ್ಕೆ ಸುಮಾರು 23 ಭಾಗ. ಎಂಟು ಅಡಿಯ, ಅಂದರೆ 2,440 ಮಿ.ಮೀ. ಉದ್ದದ ಹಾಳೆ 50 ಡಿಗ್ರಿ ಏರಿಕೆಗೆ ಎಷ್ಟು ಹಿಗ್ಗುತ್ತದೆ? ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಿ: ಸುಮಾರು 2.8 ಮಿ.ಮೀ. ಸಂದು ಬಿಡದೆ, ನಾಲ್ಕೂ ಕಡೆ ರಿವೆಟ್ ಬಿಗಿದ ಹಾಳೆ ಹೊಟ್ಟೆ ಉಬ್ಬಿಸಿಕೊಳ್ಳುವುದು ಇದಕ್ಕೇ.

ಈ ಭಾಗದ ಹಳೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ ಹಗಲಿನ ಕಾವನ್ನು ಹೀರಿ ತಡವಾಗಿ ಒಳಗೆ ಬಿಡುತ್ತಿತ್ತು. ಎಸಿಪಿ ಹಾಳೆಗೆ ಆ ಶಕ್ತಿ ಇಲ್ಲ. ಅದು ಗೋಡೆಗೆ ನೆರಳು ಕೊಡಬಲ್ಲದು. ಹಿಂದಿನ ಸಂದಿನಲ್ಲಿ ಗಾಳಿ ಆಡಿದರೆ ಒಳಗೆ ತುಸು ತಂಪೂ ಆದೀತು. ಆದರೆ ನಮ್ಮಲ್ಲಿ ಮಾಡುವುದೇನು? ಮೇಲ್ಮಹಡಿಯ ಕಿಟಕಿ, ಬೆಳಕಿಂಡಿಗಳನ್ನೂ ಸೇರಿಸಿ ಮುಚ್ಚಿಬಿಡುತ್ತೇವೆ. ಆಮೇಲೆ ಹವಾನಿಯಂತ್ರಕ ಕೊಳ್ಳುತ್ತೇವೆ!

ಗಾಳಿ ಆಡುವ ಅದೇ ಸಂದು ಬೆಂಕಿಗೆ ಹೊಗೆಗೂಡು. ಒಂದು ಎಂಟಡಿ-ನಾಲ್ಕಡಿ ಹಾಳೆಯಲ್ಲಿ ಸುಮಾರು 6.8 ಕಿ.ಗ್ರಾಂ. ಪಾಲಿಎಥಿಲೀನ್ ಇರುತ್ತದೆ. ಅದು ಪೂರ್ತಿ ಉರಿದರೆ ಬರುವ ಶಾಖ 8 ಲೀಟರಿಗೂ ಹೆಚ್ಚು ಚಿಮಣಿ ಎಣ್ಣೆಗೆ ಸಮ. ಅಂಗಡಿಯ ಹಣೆಗೆ ಇಷ್ಟು ಎಣ್ಣೆಯ ಡಬ್ಬಿ ಕಟ್ಟಲು ಯಾವ ಮಾಲೀಕ ಒಪ್ಪುತ್ತಾನೆ? ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್‌ಗೆ ಇಂಥದೇ ತಿರುಳಿನ ಹೊದಿಕೆ ಇತ್ತು. 2017ರ ಜೂನ್ 14ರಂದು ನಾಲ್ಕನೆಯ ಮಹಡಿಯ ಅಡುಗೆಮನೆಯ ಬೆಂಕಿ ಹೊರಗೋಡೆ ಹಿಡಿದು ಮೇಲೇರಿತು. 72 ಮಂದಿ ಸತ್ತರು. ನಮ್ಮವು ಎರಡು-ಮೂರು ಮಹಡಿಯ ಕಟ್ಟಡಗಳು ನಿಜ. ಆದರೆ ಕೆಳಗೆ ಅಂಗಡಿ, ಮೇಲೆ ಟ್ಯೂಷನ್ ತರಗತಿ, ನಡುವೆ ಒಂದೇ ಇಕ್ಕಟ್ಟಿನ ಮೆಟ್ಟಿಲು, ಕಿಟಕಿಗಳಿಗೆ ಹಾಳೆಯ ಮುಚ್ಚಳ ಇದ್ದಲ್ಲಿ ಮಕ್ಕಳು ಹೊರಬರುವುದು ಎಲ್ಲಿಂದ? ಹೊಳೆಯುವ ಅಕ್ಷರಗಳ ವೈರು ಹಾಳೆಯ ಹಿಂದೆಯೇ ಹಾಯುತ್ತದೆ. ಕತ್ತರಿಸಿದ ಅಲ್ಯೂಮಿನಿಯಮ್ಮಿನ ಅಂಚು ಬ್ಲೇಡಿನಂತೆ. ಕೊಳವೆಯಿಲ್ಲದೆ ಎಳೆದ ವೈರಿನ ಹೊದಿಕೆ ಅಲ್ಲಿ ಸವೆಯಬಹುದು.

ಪರ್ಯಾಯ ಇದೆ. ಬೆಂಕಿ ತಡೆಯುವ ದರ್ಜೆಯ ಹಾಳೆಗಳ ತಿರುಳಿನಲ್ಲಿ ಪ್ಲಾಸ್ಟಿಕ್ ಕಡಿಮೆ, ಖನಿಜದ ಪುಡಿ ಹೆಚ್ಚು. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಮ್ ಹೈಡ್ರಾಕ್ಸೈಡ್ ಸುಮಾರು 200 ಡಿಗ್ರಿ ದಾಟಿದಾಗ ಶಾಖ ಹೀರಿ ಒಡೆದು ನೀರಾವಿ ಬಿಡುತ್ತದೆ. ಬೆಲೆ ಹೆಚ್ಚು, ಅದಕ್ಕೇ ಕೇಳುವವರು ಕಡಿಮೆ.

ನೀವು ಶಿಕ್ಷಕರಾಗಿದ್ದರೆ ಕೆಲಸಗಾರರು ಎಸೆದ ಒಂದು ತುಣುಕು ತನ್ನಿ. ಅಂಚು ಹರಿತ, ಕೈ ಜೋಕೆ. ಎರಡೂ ಲೋಹದ ಪದರಗಳನ್ನು ಸುಲಿದು ತಿರುಳನ್ನಷ್ಟೇ ನೀರಿಗೆ ಹಾಕಿ, ಅಂಟಿದ ಗುಳ್ಳೆಗಳನ್ನು ಉಜ್ಜಿ ತೆಗೆಯಿರಿ. ತೇಲಿದರೆ ಅದು ಬರೀ ಪ್ಲಾಸ್ಟಿಕ್. ಪಾಲಿಎಥಿಲೀನಿನ ಸಾಂದ್ರತೆ ನೀರಿಗಿಂತ ಕಡಿಮೆ. ಮುಳುಗಿದರೆ? ಖನಿಜ ಬೆರೆತಿದೆ ಎಂದಷ್ಟೇ ತಿಳಿಯಬಹುದು. ಸುಣ್ಣಕಲ್ಲಿನ ಪುಡಿ ತುಂಬಿದ ಅಗ್ಗದ ತಿರುಳೂ ಮುಳುಗುತ್ತದೆ, ಆದರೆ ಅದು ಬೆಂಕಿ ತಡೆಯುವ ದರ್ಜೆಯದಲ್ಲ. ಅದನ್ನು ಹೇಳಬೇಕಾದ್ದು ಪ್ರಯೋಗಾಲಯದ ಪ್ರಮಾಣಪತ್ರ. ತುಣುಕನ್ನು ತರಗತಿಯಲ್ಲಿ ಸುಟ್ಟು ನೋಡುವುದಂತೂ ಬೇಡ. ಕರಗಿ ತೊಟ್ಟಿಕ್ಕುವ ಪ್ಲಾಸ್ಟಿಕ್ ಉರಿಯುತ್ತಲೇ ಬೀಳುತ್ತದೆ.